ಯಾವ ಪದದಾಟಕ್ಕೆ ಎಂಥ ಇಂಗ್ಲಿಷ್ ಬೇಕು? ಆರಿಸಿಕೊಳ್ಳುವ ಮೊದಲು ಓದಿ

"ನನ್ನ ಇಂಗ್ಲಿಷ್ ವೊಕ್ಯಾಬುಲರಿ ಅಷ್ಟಕ್ಕಷ್ಟೇ, ನನಗೆ ಈ ಆಟ ಆಡೋಕಾಗುತ್ತಾ?" ಪದದಾಟಗಳ ಮಾತು ಬಂದಾಗ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಯಾವ ಆಟ? ಯಾಕಂದ್ರೆ ಎಲ್ಲ ಆಟಕ್ಕೂ ಬೇಕಾದ ಪದಸಂಪತ್ತು ಒಂದೇ ಥರದ್ದಲ್ಲ. ಒಂದು ಆಟಕ್ಕೆ ಸ್ಪೆಲ್ಲಿಂಗ್ ಗೊತ್ತಿದ್ದರೆ ಸಾಕು, ಅರ್ಥ ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ. ಇನ್ನೊಂದಕ್ಕೆ ಸಾಧಾರಣ ಪದಗಳೇ ಸಾಕು, ಆದರೆ ಒಂದೊಂದು ಪದದ ನಾಲ್ಕೈದು ಅರ್ಥಗಳು ತಲೆಯಲ್ಲಿ ಓಡಾಡುತ್ತಿರಬೇಕು.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಅಕ್ಷರದ ಟೈಲ್‌ಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರಾಬಲ್‌ಗಾಗಿ ತಿಂಗಳುಗಟ್ಟಲೆ ಪದಪಟ್ಟಿ ಉರು ಹೊಡೆದೆ. ಆಮೇಲೆ ಅದೇ ಹುಮ್ಮಸ್ಸಿನಲ್ಲಿ ಕ್ರಾಸ್‌ವರ್ಡ್ ಮುಂದೆ ಕೂತರೆ ಕಲಿತಿದ್ದರಲ್ಲಿ ಹೆಚ್ಚಿನದು ಕೆಲಸಕ್ಕೇ ಬರಲಿಲ್ಲ. ಮೊದಲೇ ಯಾರಾದರೂ ಹೇಳಿದ್ದರೆ ಆ ಸಮಯ ಉಳೀತಿತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಕ್ರಾಬಲ್: ಇಲ್ಲಿ ಪದ ಅಂದರೆ ಅಕ್ಷರಗಳ ಸಾಲು

ನೈಜೆಲ್ ರಿಚರ್ಡ್ಸ್ ಅಂತ ನ್ಯೂಜಿಲೆಂಡಿನ ಒಬ್ಬ ಆಟಗಾರ. ಇಂಗ್ಲಿಷ್ ಸ್ಕ್ರಾಬಲ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್. ಇವರು 2015ರಲ್ಲಿ ಫ್ರೆಂಚ್ ಸ್ಕ್ರಾಬಲ್‌ನ ವಿಶ್ವ ಪಟ್ಟವನ್ನೂ ಗೆದ್ದರು. ಫ್ರೆಂಚ್ ಮಾತಾಡಲು ಬರದೇ! ಸುಮಾರು ಒಂಬತ್ತು ವಾರ ಫ್ರೆಂಚ್ ಪದಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು, ಅಷ್ಟೇ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಗೆದ್ದರು. ಈ ಆಟಕ್ಕೆ ಭಾಷೆ ಎಷ್ಟು ಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗಲ್ಲ.

ಹಾಗಾಗಿ "ದೊಡ್ಡ ದೊಡ್ಡ ಪದ ಗೊತ್ತಿಲ್ಲ" ಅಂತ ಹಿಂಜರಿಯಬೇಡಿ. ಸ್ಕ್ರಾಬಲ್‌ನಲ್ಲಿ ಮೊದಲು ಬೇಕಾಗುವುದು ಪುಟ್ಟ ಪದಗಳು, ಅದರಲ್ಲೂ ಎರಡಕ್ಷರದವು. ಬೋರ್ಡಿನ ಮೇಲೆ ಆಗಲೇ ಇರುವ ಒಂದು ಪದದ ಪಕ್ಕಕ್ಕೆ ಅಂಟಿಸಿ ಇನ್ನೊಂದು ಪದ ಇಡಬೇಕಾದರೆ ನಡುನಡುವೆ ಎರಡಕ್ಷರದ ಪದಗಳು ಹುಟ್ಟಿಕೊಳ್ಳುತ್ತವೆ, ಆ ಪ್ರತಿಯೊಂದೂ ಆಟ ಒಪ್ಪುವ ಪದಗಳ ಪಟ್ಟಿಯಲ್ಲಿರಬೇಕು. ಕ್ಯೂ ಮತ್ತು ಐ ಸೇರಿದರೆ ಒಂದು ಪದ, ಚೀನೀ ಚಿಂತನೆಯಲ್ಲಿ ಪ್ರಾಣಶಕ್ತಿ ಅಂತ ಅರ್ಥ. ಝಡ್ ಮತ್ತು ಎ ಸೇರಿದರೆ ಇನ್ನೊಂದು. ಕ್ಯೂ, ಝಡ್ ಎರಡಕ್ಕೂ ತಲಾ 10 ಅಂಕ. ಕ್ಯೂ ಬಂದಾಗ ಯು ಇಲ್ಲ ಅಂತ ಒದ್ದಾಡುವವರು ಕ್ಯೂ-ಐ ಒಂದನ್ನು ಕಲಿತರೆ ಆಟವೇ ಬದಲಾಗುತ್ತದೆ. ಅದರ ಜೊತೆಗೆ ಫಕೀರ್, ಬುರ್ಕಾ, ನಿಕಾಬ್, ತಲಾಕ್ ಇವನ್ನೂ ಇಟ್ಟುಕೊಳ್ಳಿ. ಇವನ್ನು ಕ್ಯೂ ಹಾಕಿ, ಯು ಇಲ್ಲದೆ ಬರೆಯುವ ಸ್ಪೆಲ್ಲಿಂಗ್ ಇದೆ, ಮತ್ತು ಈ ಪದಗಳು ನಮಗೆ ಹೊಸತೇನಲ್ಲ ಅಲ್ವಾ? ರಾಗ, ವೀಣಾ, ತಬಲಾ, ಸೂತ್ರ, ಲಾಖ್, ಕ್ರೋರ್ ಕೂಡ ಪಟ್ಟಿಯಲ್ಲಿವೆ. ಬೇರೆ ದೇಶದವರು ಕಷ್ಟಪಟ್ಟು ನೆನಪಿಟ್ಟುಕೊಳ್ಳುವ ಈ ಪದಗಳು ನಮಗೆ ಬರೀ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಂಡರೆ ಸಾಕು.

ಇಲ್ಲೇ ಇನ್ನೊಂದು ಆಯ್ಕೆ ಇದೆ, ಹೊಸಬರು ಅದನ್ನು ಗಮನಿಸುವುದೇ ಇಲ್ಲ. ಪದಪಟ್ಟಿ ಒಂದಲ್ಲ, ಎರಡು. ಅಮೆರಿಕ ಮತ್ತು ಕೆನಡಾದ ಕ್ಲಬ್ಬುಗಳು ಬಳಸುವುದು ಒಂದು, ಅದರಲ್ಲಿ 2 ಲಕ್ಷಕ್ಕೆ ಸ್ವಲ್ಪ ಕಡಿಮೆ ಪದ. ಉಳಿದ ಬಹುತೇಕ ಕಡೆ ಕಾಲಿನ್ಸ್ ಪಟ್ಟಿ, ಅದರಲ್ಲಿ ಸುಮಾರು 2.8 ಲಕ್ಷ. ಎರಡಕ್ಷರದ ಪದಗಳೇ ಕಾಲಿನ್ಸ್‌ನಲ್ಲಿ 127 ಇದ್ದರೆ ಅಮೆರಿಕದ ಪಟ್ಟಿಯಲ್ಲಿ 107. ನೀವು ಯಾರ ಜೊತೆ ಆಡುತ್ತೀರೋ ಅವರ ಪಟ್ಟಿಯನ್ನೇ ಕಲಿಯಿರಿ, ಎರಡನ್ನೂ ಕಲಸಬೇಡಿ. ಒಂದು ಸಲ ಕಲಸಿಹೋದರೆ ಯಾವ ಪದ ಎಲ್ಲಿ ನಡೆಯುತ್ತದೆ ಅಂತ ಬೇರ್ಪಡಿಸುವುದು ಕಲಿಯುವುದಕ್ಕಿಂತ ಕಷ್ಟ.

ಎರಡಕ್ಷರದ್ದು ಮುಗಿದ ಮೇಲೆ ಏಳಕ್ಷರದ ಪದಗಳಿಗೆ ಹೋಗಿ. ಕೈಯಲ್ಲಿರುವ ಏಳೂ ಟೈಲ್ ಒಮ್ಮೆಗೇ ಇಟ್ಟರೆ 50 ಅಂಕ ಜಾಸ್ತಿ ಸಿಗುತ್ತದೆ. ಇದಕ್ಕೆ ಪರಿಣತರ ದಾರಿ ಹೀಗಿದೆ: ರೆಟಿನಾ ಥರದ ಒಂದು ಆರಕ್ಷರದ ಪದ ಹಿಡಿದುಕೊಳ್ಳಿ, ಅದಕ್ಕೆ ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗಿ. ಜಿ ಸೇರಿಸಿದರೆ ಗ್ರಾನೈಟ್, ಟಿಯರಿಂಗ್. ಎಸ್ ಸೇರಿಸಿದರೆ ರಿಟೇನ್ಸ್, ನಾಸ್ಟಿಯರ್. ಹೀಗೆ ಕಲಿತ ಹತ್ತು ಗುಂಪು, ಸುಮ್ನೆ ಎ ಇಂದ ಝಡ್‌ವರೆಗೆ ಓದಿದ ಸಾವಿರ ಪದಕ್ಕಿಂತ ಮೇಲು. 1930ರ ದಶಕದಲ್ಲಿ ಆಲ್‌ಫ್ರೆಡ್ ಬಟ್ಸ್ ಈ ಆಟ ಕಟ್ಟಿದಾಗ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೂತು ಎಣಿಸಿದ್ದರು. ಅದಕ್ಕೇ 100 ಟೈಲ್‌ಗಳಲ್ಲಿ ಇ 12 ಇವೆ. ಎಸ್ ಮಾತ್ರ ಬರೀ ನಾಲ್ಕು, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಕೊಂಡೇ ಆಟ ಮುಗಿಸುತ್ತಿದ್ದರು.

ಯಾರಿಗೆ ಇದು? ನೆನಪಿನ ಶಕ್ತಿ ಚೆನ್ನಾಗಿರುವವರಿಗೆ, ಗೆಲ್ಲುವ ಆಸೆ ಇರುವವರಿಗೆ. ಯಾರಿಗಲ್ಲ? ಇಂಗ್ಲಿಷ್ ಮಾತು ಬರವಣಿಗೆ ಸುಧಾರಿಸಲಿ ಅಂತ ಬಂದವರಿಗೆ. ಸ್ಕ್ರಾಬಲ್ ಪಟ್ಟಿಯಿಂದ ನಿಮ್ಮ ಇಂಗ್ಲಿಷ್ ಬೆಳೆಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ವರ್ಡಲ್, ಸ್ಪೆಲ್ಲಿಂಗ್ ಬೀ, ಬಾಗಲ್: ಗೊತ್ತಿರುವ ಪದವೇ ಬೇಕಾದಾಗ ಬರಬೇಕು

ಈ ಮೂರಕ್ಕೆ ಅಪರೂಪದ ಪದ ಬೇಕಿಲ್ಲ. ಉತ್ತರ ನೋಡಿದಾಗ "ಅಯ್ಯೋ, ಇದು ಗೊತ್ತಿತ್ತಲ್ಲ" ಅನ್ನಿಸುವ ಪದಗಳೇ ಬಹುಪಾಲು. ಹಾಗಾಗಿ ಇಲ್ಲಿ ಕಲಿಯಬೇಕಾದ್ದು ಇಂಗ್ಲಿಷ್ ಪದಗಳು ಹೇಗೆ ಕಟ್ಟಿಕೊಂಡಿರುತ್ತವೆ ಅನ್ನುವುದನ್ನು.

ವರ್ಡಲ್ ಎಲ್ಲರಿಗೂ ಗೊತ್ತು. ಐದಕ್ಷರದ ಪದ ಊಹಿಸಬೇಕು, ಆರು ಅವಕಾಶ, ಪ್ರತಿ ಊಹೆಯಲ್ಲೂ ಯಾವ ಅಕ್ಷರ ಉತ್ತರದಲ್ಲಿದೆ ಅಂತ ಆಟ ತೋರಿಸುತ್ತದೆ. ಜಾಶ್ ವಾರ್ಡಲ್ ಇದನ್ನು ತಮ್ಮ ಸಂಗಾತಿಗಾಗಿ ಮಾಡಿ, 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಆಟ ಸುಮಾರು 13,000 ಪದಗಳನ್ನು ಊಹೆಯಾಗಿ ಒಪ್ಪುತ್ತಿತ್ತು, ಆದರೆ ಉತ್ತರಗಳ ಮೊದಲ ಪಟ್ಟಿಯಲ್ಲಿದ್ದದ್ದು 2,300 ಚಿಲ್ಲರೆ ಪದ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರ ಗಮನಿಸಿ. ನಿಮಗೆ ಗೊತ್ತಿಲ್ಲದ ವಿಚಿತ್ರ ಪದ ಉತ್ತರವಾಗಿ ಬರುವುದು ಕಡಿಮೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಸುಮ್ನೆ ಎಸ್ ಸೇರಿಸಿ ಮಾಡಿದ ಬಹುವಚನವೂ ಉತ್ತರವಾಗುವುದು ತೀರಾ ಅಪರೂಪ.

ಮೊದಲ ಪದ ಯಾವುದು ಅನ್ನುವ ವಾದ ಮುಗಿಯುವಂಥದ್ದಲ್ಲ. ನನ್ನ ಆಯ್ಕೆ ಸ್ಲೇಟ್, ಇಲ್ಲವೇ ಕ್ರೇನ್. ಸ್ವರಗಳೆಲ್ಲ ಒಟ್ಟಿಗೆ ಸಿಗಲಿ ಅಂತ ಬಹಳ ಜನ ಅಡ್ಯೂ ಅನ್ನುವ ಪದದಿಂದ ಶುರು ಮಾಡುತ್ತಾರೆ. ಅದರಲ್ಲಿ ನಾಲ್ಕು ಸ್ವರ ಇದೆ ನಿಜ, ಆದರೆ ಪದವನ್ನು ಗುರುತಿಸಲು ನೆರವಾಗುವುದು ವ್ಯಂಜನ. ಬರೀ ಎ ಇದೆ, ಇ ಇದೆ ಅಂತ ತಿಳಿದರೆ ಇನ್ನೂ ನೂರಾರು ಪದ ಉಳಿದಿರುತ್ತವೆ. ಎಸ್, ಟಿ, ಎಲ್, ಆರ್, ಎನ್ ಇವು ಇವೆಯೋ ಇಲ್ಲವೋ ಅನ್ನುವುದು ಮೊದಲು ತಿಳಿಯಲಿ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ, ಒಂದು ತೊಡಕು ಇವೆ. ಹ್ಯಾಪಿ, ಸಾರಿ, ರ್ಯಾಬಿಟ್ ಥರದ ಪದಗಳಲ್ಲಿ ಒಂದೇ ಅಕ್ಷರ ಎರಡು ಸಲ ಬರುತ್ತದೆ, ಇಂಗ್ಲಿಷ್ ತಾಯ್ನುಡಿಯವರ ಬಾಯಲ್ಲಿ ಅದು ಕೇಳಿಸುವುದಿಲ್ಲ. ನಮ್ಮಲ್ಲಿ ಅನೇಕರು ಸ್ಪೆಲ್ಲಿಂಗ್ ನೋಡಿಯೇ ಪದ ಕಲಿತವರು, ಹ್ಯಾಪ್ಪಿ ಅಂತ ಒತ್ತು ಕೊಟ್ಟೇ ಹೇಳುತ್ತೇವೆ. ಹಾಗಾಗಿ ಜೋಡಿ ಅಕ್ಷರ ನಮಗೆ ಬೇಗ ನೆನಪಾಗುತ್ತದೆ. ತೊಡಕು ಏನಂದ್ರೆ ನಾವು ಅಮೆರಿಕದ ಸ್ಪೆಲ್ಲಿಂಗ್ ಕಲಿತವರಲ್ಲ. 2022ರ ಶುರುವಿನಲ್ಲಿ ಹ್ಯೂಮರ್ ಉತ್ತರವಾಗಿ ಬಂದಾಗ, ಅದನ್ನು ಓ-ಯು-ಆರ್ ಹಾಕಿ ಬರೆದು ಅಭ್ಯಾಸ ಇದ್ದವರೆಲ್ಲ ಬೇಸರ ಮಾಡಿಕೊಂಡರು. ಫೇವರ್, ಕಲರ್, ಫೈಬರ್, ಮೀಟರ್ ಇವನ್ನು ಅಮೆರಿಕದವರು ಹೇಗೆ ಬರೆಯುತ್ತಾರೆ ಅಂತ ಒಂದು ಸಲ ನೋಡಿಟ್ಟುಕೊಳ್ಳಿ.

ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀಯಲ್ಲಿ ಏಳು ಅಕ್ಷರ ಕೊಡುತ್ತಾರೆ, ಅವುಗಳಿಂದ ಆದಷ್ಟು ಪದ ಮಾಡಬೇಕು, ನಡುವಿನ ಅಕ್ಷರ ಪ್ರತಿ ಪದದಲ್ಲೂ ಇರಲೇಬೇಕು, ಪದ ಕನಿಷ್ಠ ನಾಲ್ಕಕ್ಷರದ್ದಾಗಿರಬೇಕು. ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಮತ್ತು ಜನ ಮರೆಯುವುದು ಇದನ್ನೇ. ಟಿ, ಎ, ಓ ಮೂರೇ ಅಕ್ಷರದಿಂದ ಟ್ಯಾಟೂ ಅನ್ನುವ ಆರಕ್ಷರದ ಪದ ಆಗುತ್ತದೆ! ನನಗೆ ಈ ಆಟ ಇಷ್ಟವಾಗಲು ಕಾರಣ, ಇದು ಪ್ರತ್ಯಯಗಳನ್ನು ನೋಡುವ ಕಣ್ಣು ಕೊಡುತ್ತದೆ. ಐ, ಎನ್, ಜಿ ಮೂರೂ ಇವೆಯಾ? ಹಾಗಾದರೆ ಸಿಕ್ಕ ಪ್ರತಿ ಕ್ರಿಯಾಪದದ ಕೊನೆಗೂ ಇಂಗ್ ಸೇರಿಸಿ ನೋಡಿ. ಯು, ಎನ್ ಇದೆಯಾ? ಪದದ ಮುಂದೆ ಅನ್ ಹಚ್ಚಿ ನೋಡಿ. ಎಸ್ ಅಕ್ಷರವನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಆದ್ದರಿಂದ ನೆಸ್, ಲೆಸ್ ಅಂತ ಮುಗಿಯುವ ಪದಗಳನ್ನು ಹುಡುಕುತ್ತಾ ಕೂರಬೇಡಿ. ಸ್ಕ್ರಾಬಲ್ ಪಟ್ಟಿಯ ವಿಚಿತ್ರ ಪದಗಳು ಇಲ್ಲಿ ನಡೆಯುವುದಿಲ್ಲ, ಸಂಪಾದಕರು ಅವನ್ನು ತೆಗೆದಿರುತ್ತಾರೆ. ಸ್ಕ್ರಾಬಲ್ ಆಡಿ ಇಲ್ಲಿಗೆ ಬಂದವರಿಗೆ ಕಿರಿಕಿರಿ ಆಗುವುದು ಇದೇ ಜಾಗದಲ್ಲಿ.

ಬಾಗಲ್ ಬೇರೆಯದೇ ಗತ್ತು. 16 ದಾಳ ಅಲ್ಲಾಡಿಸಿ, ಮೂರು ನಿಮಿಷದಲ್ಲಿ ಅಕ್ಕಪಕ್ಕದ ಅಕ್ಷರ ಕೂಡಿಸುತ್ತಾ ಪದ ಬರೆಯುತ್ತಾ ಹೋಗಬೇಕು. ಯೋಚನೆಗೆ ಸಮಯವೇ ಇಲ್ಲ. ಟಿ, ಇ, ಎ, ಆರ್ ನಾಲ್ಕೂ ಒಂದು ಪುಟ್ಟ ಚೌಕದಲ್ಲಿ ಬಿದ್ದವು ಅನ್ನಿ: ಟೀ, ಈಟ್, ಏಟ್, ಇಯರ್, ಎರಾ, ಆರ್ಟ್, ಟಾರ್, ರ್ಯಾಟ್, ಟಿಯರ್, ರೇಟ್. ಹತ್ತು ಪದ, ಒಂದೂ ಕಷ್ಟದ್ದಲ್ಲ. ಇಬ್ಬರು ಬರೆದ ಪದಕ್ಕೆ ಇಬ್ಬರಿಗೂ ಅಂಕ ಸಿಗುವುದಿಲ್ಲ, ಆದ್ದರಿಂದ ಉದ್ದದ ಪದಕ್ಕೆ ಬೆಲೆ ಜಾಸ್ತಿ. ಕೈ ಚುರುಕಿದ್ದವರು ಆಡಿ. ನಿಧಾನವಾಗಿ ಸವಿಯುವವರಿಗೆ ನಾನು ಇದನ್ನು ಹೇಳಲ್ಲ.

ಕ್ರಾಸ್‌ವರ್ಡ್: ಅಮೆರಿಕದ್ದೋ, ಕ್ರಿಪ್ಟಿಕ್ಕೋ?

ಪದಬಂಧ ಬಿಡಿಸಿದ ಅಭ್ಯಾಸ ಇದ್ದವರಿಗೆ ಮೊದಲೇ ಒಂದು ಮಾತು. ಕನ್ನಡ ಪದಬಂಧದಲ್ಲಿ ಒಂದು ಮನೆಯಲ್ಲಿ ಒಂದು ಪೂರ್ತಿ ಅಕ್ಷರ ಕೂರುತ್ತದೆ, ಒತ್ತು ಗುಣಿತ ಎಲ್ಲ ಸೇರಿ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಸ್ಟ್ರೆಂತ್ ಅನ್ನುವ ಒಂದೇ ಉಸಿರಿನ ಪದ ಎಂಟು ಮನೆ ತಿನ್ನುತ್ತದೆ. ಸದ್ದು ಕೇಳಿ ಮನೆ ಎಣಿಸುವುದನ್ನು ಬಿಡಲು ನನಗೆ ಸುಮಾರು ದಿನ ಬೇಕಾಯಿತು.

ಮೊದಲ ಕ್ರಾಸ್‌ವರ್ಡ್ ಬಂದದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅಲ್ಲಿಂದ ಅದು ಎರಡು ದಾರಿ ಹಿಡಿಯಿತು. ಅಮೆರಿಕದ ಶೈಲಿಯಲ್ಲಿ ಸುಳಿವು ನೇರ, ಮತ್ತು ಪ್ರತಿ ಮನೆಯೂ ಅಡ್ಡಸಾಲು ಕೆಳಸಾಲು ಎರಡರಲ್ಲೂ ಸೇರಿರುತ್ತದೆ. ಹಾಗೆ ಹೆಣೆಯಲು ಸ್ವರ ತುಂಬಿದ ಪುಟ್ಟ ಪದಗಳು ಬೇಕೇ ಬೇಕು. ಎರಾ, ಏರಿಯಾ, ಅಲೋ, ಓಬೋ, ಎಪೆ (ಕತ್ತಿವರಸೆಯ ಒಂದು ಕತ್ತಿ), ಈರಿ ಸರೋವರ, ಇವು ಮತ್ತೆ ಮತ್ತೆ ಬರುತ್ತವೆ. ಇಂಥ ಐವತ್ತು ಅರವತ್ತು ಪದ ಕಲಿತರೆ ಬಾಗಿಲು ತೆರೆಯುತ್ತದೆ. ನ್ಯೂಯಾರ್ಕ್ ಟೈಮ್ಸ್ 1942ರಲ್ಲಿ ಶುರು ಮಾಡಿದ ಕ್ರಾಸ್‌ವರ್ಡ್ ಈಗ ಸೋಮವಾರ ಸುಲಭ, ಶನಿವಾರ ಅತಿ ಕಷ್ಟ ಅನ್ನುವ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಸೋಮವಾರದ್ದನ್ನೇ ಹಿಡಿಯಿರಿ. ಆದರೆ ಒಂದು ಹಂತದ ನಂತರ ಪದ ಸಾಲುವುದಿಲ್ಲ. ಅಮೆರಿಕದ ಹಳೆಯ ಟಿವಿ ನಟರು, ಬೇಸ್‌ಬಾಲ್ ಆಟಗಾರರು, ಅಲ್ಲಿನ ಕಾಲೇಜುಗಳು, ಬ್ರ್ಯಾಂಡುಗಳು, ಇವೆಲ್ಲ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಯೋಚಿಸಿ ಹೊಳೆಯುವಂಥದ್ದು ಏನೂ ಇಲ್ಲ.

ಕ್ರಿಪ್ಟಿಕ್ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನನ್ನ ಅನುಭವ ಉಲ್ಟಾ. ನಮ್ಮಂಥವರಿಗೆ ಬ್ರಿಟಿಷ್ ಶೈಲಿಯ ಕ್ರಿಪ್ಟಿಕ್ಕೇ ಹೆಚ್ಚು ನ್ಯಾಯವಾದ ಆಟ. ಯಾಕಂದ್ರೆ ಉತ್ತರಕ್ಕೆ ಎರಡು ದಾರಿ ಇರುತ್ತವೆ. ಸುಳಿವಿನ ಒಂದು ತುದಿಯಲ್ಲಿ ಅರ್ಥ, ಉಳಿದ ಭಾಗದಲ್ಲಿ ಅಕ್ಷರಗಳ ಆಟ. ಒಂದು ದಾರಿ ಮುಚ್ಚಿದರೂ ಇನ್ನೊಂದರಿಂದ ಒಳಗೆ ಹೋಗಬಹುದು. ನಾನೇ ಒಂದು ಸುಳಿವು ಮಾಡಿ ತೋರಿಸುತ್ತೇನೆ: "ಬ್ರೋಕನ್ ಹಾರ್ಟ್ ಫಾರ್ ದ ವರ್ಲ್ಡ್", ಐದಕ್ಷರ. ಓದಿದರೆ ಪ್ರೇಮಭಂಗದ ಕತೆ ಅನ್ನಿಸುತ್ತದೆ. ಆದರೆ ಇಲ್ಲಿ ಬ್ರೋಕನ್ ಅಂದರೆ ಮುಂದಿನ ಪದವನ್ನು ಒಡೆದು ಅಕ್ಷರ ಕಲಸು ಅಂತ. ಹಾರ್ಟ್ ಪದದ ಐದು ಅಕ್ಷರ ಕಲಸಿ. ವರ್ಲ್ಡ್ ಅನ್ನುವುದಕ್ಕೆ ಹೊಂದುವ ಪದ ಬರಬೇಕು. ಅರ್ತ್, ಅಂದರೆ ಭೂಮಿ. ಮೊದಲಿದ್ದ ಎಚ್ ಕೊನೆಗೆ ಹೋಯಿತು, ಅಷ್ಟೇ.

ಅಂದರೆ ಕ್ರಿಪ್ಟಿಕ್‌ಗೆ ಕಲಿಯಬೇಕಾದ ಪದಸಂಪತ್ತು ಒಂದು ಸಣ್ಣ ಗುಪ್ತಭಾಷೆ. ಬ್ರೋಕನ್, ಡ್ರಂಕ್, ವೈಲ್ಡ್, ಕ್ರೇಜಿ ಬಂದರೆ ಅಕ್ಷರ ಕಲಸಬೇಕು. ಸಮ್, ಪಾರ್ಟ್ ಆಫ್ ಬಂದರೆ ಉತ್ತರ ಸುಳಿವಿನ ಒಳಗೇ ಅಡಗಿರಬಹುದು. ರಿಟರ್ನಿಂಗ್, ಬ್ಯಾಕ್ ಬಂದರೆ ಹಿಂದುಮುಂದು. ಎಂಡ್‌ಲೆಸ್ ಅಂದರೆ ಕೊನೆಯ ಅಕ್ಷರ ಕತ್ತರಿಸಿ. ಕ್ವೈಟ್ ಅಂದರೆ ಪಿ, ಲೌಡ್ ಅಂದರೆ ಎಫ್, ಇವು ಪಾಶ್ಚಾತ್ಯ ಸಂಗೀತದ ಸಂಕೇತಗಳು. ಸೇಲರ್ ಅಂದರೆ ಟಾರ್ ಅಥವಾ ಎ-ಬಿ. ವರ್ಕರ್ ಅಂದರೆ ಇರುವೆ, ಇಲ್ಲವೇ ಜೇನುಹುಳ. ಇನ್ನು ಕ್ರಿಕೆಟ್ ನೋಡುವವರಿಗಂತೂ ಹಬ್ಬ: ಡಕ್ ಅಂದರೆ ಓ, ಮೇಡನ್ ಅಂದರೆ ಎಂ, ರನ್ಸ್ ಅಂದರೆ ಆರ್, ವಿಕೆಟ್ ಅಂದರೆ ಡಬ್ಲ್ಯು, ಸೈಡ್ ಅಂದರೆ ಆನ್ ಅಥವಾ ಲೆಗ್. ಬೇಸ್‌ಬಾಲ್ ಕಲಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಶ್ಲೇಷೆ ಇಷ್ಟಪಡುವವರಿಗೆ ಫ್ಲವರ್ ಅನ್ನುವ ಪದ ಒಂದೇ ಸಾಕು ಈ ಆಟಕ್ಕೆ ಒಲಿಯಲು. ಹೂವು ಅಂತ ಓದಿಕೊಂಡು ಗುಲಾಬಿ, ಮಲ್ಲಿಗೆ ಅಂತ ತಡಕಾಡುತ್ತಿರುತ್ತೀರಿ. ಆಮೇಲೆ ಹೊಳೆಯುತ್ತದೆ, ಫ್ಲೋ ಆಗುವಂಥದ್ದು ಫ್ಲವರ್, ಅಂದರೆ ನದಿ. ನಂಬರ್ ಅಂದರೆ ನಂಬ್ ಮಾಡುವಂಥದ್ದು, ಅರಿವಳಿಕೆ. ಇದು ಹೊಳೆದ ಕ್ಷಣದ ಖುಷಿ ಬೇರೆ ಯಾವ ಪದದಾಟದಲ್ಲೂ ನನಗೆ ಸಿಕ್ಕಿಲ್ಲ.

ಒಂದು ಕಡೆ ಮಾತ್ರ ನಾವು ಎಡವುತ್ತೇವೆ. ಹರ್ಡ್ ಅಥವಾ ಆನ್ ದ ರೇಡಿಯೊ ಅಂತ ಸುಳಿವಿನಲ್ಲಿದ್ದರೆ ಸದ್ದು ಒಂದೇ ಇರುವ ಬೇರೆ ಪದ ಹುಡುಕಬೇಕು. ಇಂಗ್ಲೆಂಡಿನ ಬಹಳ ಜನರ ಬಾಯಲ್ಲಿ ಸಾಸ್ ಮತ್ತು ಸೋರ್ಸ್ ಎರಡೂ ಒಂದೇ ಥರ ಕೇಳುತ್ತವೆ, ಯಾಕಂದ್ರೆ ಅವರು ಅಲ್ಲಿ ಆರ್ ಉಚ್ಚರಿಸುವುದಿಲ್ಲ. ನಾವು ಉಚ್ಚರಿಸುತ್ತೇವೆ. ಕಾಟ್ ಮತ್ತು ಕೋರ್ಟ್ ಕೂಡ ಹಾಗೇ. ಇಂಥ ಜೋಡಿ ಸಿಕ್ಕಾಗ ಒಂದು ಕಡೆ ಬರೆದಿಟ್ಟುಕೊಳ್ಳಿ, ಕಿವಿಯನ್ನು ನಂಬಿ ಕೂತರೆ ಆಗಲ್ಲ.

ದಿನಕ್ಕೆ ಒಂದು ಕ್ರಿಪ್ಟಿಕ್ ಪೂರ್ತಿ ಬಿಡಿಸಬೇಕು ಅಂತ ಹೊರಡಬೇಡಿ. ನಾಲ್ಕು ಸುಳಿವು ಬಿಡಿಸಿ, ಉಳಿದವುಗಳ ಉತ್ತರ ಮರುದಿನ ನೋಡಿ, ಹೇಗೆ ಬಂತು ಅಂತ ಹಿಂದಕ್ಕೆ ಬಿಚ್ಚಿ. ಉತ್ತರ ನೋಡಿ ಕಲಿಯುವುದು ಮೋಸ ಅಲ್ಲ, ಈ ಆಟ ಕಲಿಯುವ ಸರಿಯಾದ ದಾರಿಯೇ ಅದು. 1942ರಲ್ಲಿ ಡೈಲಿ ಟೆಲಿಗ್ರಾಫ್ 12 ನಿಮಿಷದ ಸ್ಪರ್ಧೆ ಇಟ್ಟಾಗ, ಚೆನ್ನಾಗಿ ಬಿಡಿಸಿದ ಕೆಲವರನ್ನು ಬ್ರಿಟಿಷ್ ಸರ್ಕಾರ ಬ್ಲೆಚ್ಲಿ ಪಾರ್ಕ್‌ನ ಗೂಢಲಿಪಿ ಕೆಲಸಕ್ಕೆ ಕರೆಸಿಕೊಂಡಿತ್ತು. ನಮಗೆ ಆ 12 ನಿಮಿಷದ ಆತುರ ಇಲ್ಲ.

ಅರ್ಥದ ಆಟಗಳು

ಇಂಗ್ಲಿಷ್ ಸುಧಾರಿಸುವುದೇ ನಿಮ್ಮ ಗುರಿಯಾ? ಹಾಗಾದರೆ ನ್ಯೂಯಾರ್ಕ್ ಟೈಮ್ಸ್‌ನ ಕನೆಕ್ಷನ್ಸ್ ಆಡಿ. 2023ರಲ್ಲಿ ಬಂದದ್ದು. 16 ಪದ ಕೊಡುತ್ತಾರೆ, ಒಂದಕ್ಕೊಂದು ನಂಟಿರುವ ನಾಲ್ಕು ನಾಲ್ಕರ ಗುಂಪು ಮಾಡಬೇಕು, ನಾಲ್ಕು ತಪ್ಪಾದರೆ ಆಟ ಮುಗಿಯಿತು. ಹಳದಿ ಗುಂಪು ಸುಲಭ, ನೇರಳೆ ಕಷ್ಟ. ಪದಗಳು ಬಹುಮಟ್ಟಿಗೆ ಸಾಧಾರಣ, ಆದರೆ ಪ್ರತಿಯೊಂದಕ್ಕೂ ಎರಡು ಮೂರು ಮುಖ. ಪರ್ಚ್, ಸೋಲ್, ಸ್ಕೇಟ್, ಬಾಸ್ ಅಂತ ನಾಲ್ಕು ಪದ ಕಂಡವು ಅನ್ನಿ. ನಾಲ್ಕೂ ಮೀನಿನ ಹೆಸರು. ಆದರೆ ಸೋಲ್ ಅಂದರೆ ಚಪ್ಪಲಿಯ ಅಡಿಭಾಗವೂ ಹೌದು, ಪರ್ಚ್ ಅಂದರೆ ಹಕ್ಕಿ ಕೂರುವ ಜಾಗವೂ ಹೌದು, ಮತ್ತು ನೀವು ಬಾಸ್ ಅಂತ ಓದಿದ ಪದವನ್ನೇ ಸಂಗೀತದ ಮಂದ್ರಕ್ಕೆ ಬೇಸ್ ಅಂತ ಓದುತ್ತಾರೆ, ಸ್ಪೆಲ್ಲಿಂಗ್ ಒಂದೇ. ಗೊತ್ತಿದ್ದ ಪದದ ಗೊತ್ತಿಲ್ಲದ ಅರ್ಥ ಹೀಗೆ ದಿನಕ್ಕೊಂದು ಸಿಕ್ಕರೂ ಓದುವಾಗ, ಮಾತಾಡುವಾಗ ಅದು ಕೈಗೆ ಬರುತ್ತದೆ. ಇಲ್ಲಿ ಸೋತಾಗ ನಿಘಂಟು ತೆಗೆದು ಆ ಒಂದು ಪದದ ಎಲ್ಲ ಅರ್ಥ ಓದಿ. ಐದು ನಿಮಿಷದ ಕೆಲಸ.

ಗುಂಪಿನಲ್ಲಿ ಆಡುವವರಿಗೆ, ಅದರಲ್ಲೂ ಒಬ್ಬರ ಇಂಗ್ಲಿಷ್ ಗಟ್ಟಿ ಇನ್ನೊಬ್ಬರದ್ದು ಸಾಧಾರಣ ಇರುವ ಗುಂಪಿಗೆ, ಸ್ಕ್ರಾಬಲ್ ತರಬೇಡಿ. ಪಟ್ಟಿ ಕಲಿತವರು ಗೆಲ್ಲುತ್ತಲೇ ಇರುತ್ತಾರೆ, ಉಳಿದವರು ಎರಡನೇ ಸಲ ಕೂರುವುದಿಲ್ಲ. ಕೋಡ್‌ನೇಮ್ಸ್ ತನ್ನಿ. 25 ಪದಗಳ ಕಾರ್ಡು ಮೇಜಿನ ಮೇಲಿರುತ್ತದೆ. ಎರಡು ತಂಡ. ತಂಡದ ಒಬ್ಬರು ಒಂದೇ ಒಂದು ಪದ, ಒಂದು ಸಂಖ್ಯೆ ಹೇಳಿ ತಮ್ಮವರು ತಮ್ಮ ತಂಡದ ಅಷ್ಟು ಕಾರ್ಡು ಗುರುತಿಸುವಂತೆ ಮಾಡಬೇಕು. ಆಟ ಶುರುವಾಗುವ ಮೊದಲು 25 ಪದಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ, ಯಾರಿಗೆ ಯಾವುದು ಗೊತ್ತಿಲ್ಲವೋ ಅದರ ಅರ್ಥ ಹೇಳಿಬಿಡಿ. ಐದು ನಿಮಿಷ ಹೋಗುತ್ತದೆ, ಆದರೆ ಆಮೇಲೆ ಎಲ್ಲರ ಕೈಯಲ್ಲೂ ಒಂದೇ ಪದಸಂಪತ್ತು ಇರುತ್ತದೆ.